ಹನ್ನೊಂದನೆಯ ಮೆಟ್ಟಿಲು

ಮಠದಿಂದ ಹೊಳೆಗೆ ಇಳಿಯಲು ಹತ್ತು ಮೆಟ್ಟಿಲುಗಳಿದ್ದವು. ಹನ್ನೊಂದನೆಯದನ್ನು ಹಾಕಲೇಬೇಕೆಂದು ಶಿಷ್ಯ ತಿಪ್ಪೇಶ ಹಠ ಹಿಡಿದಿದ್ದ.

ಮೇಲಿನ ಆರು, ಮಠ ಕಟ್ಟಿದವರು ಹಾಸಿದ ಕರಿಕಲ್ಲು. ಏಳನೆಯದರಿಂದ ಕಲ್ಲಿನ ಬಣ್ಣ ಬೇರೆ, ಕೆಂಪು ಬೆರೆತ ಬೂದಿ. ಹೊಳೆ ಇಳಿದಂತೆಲ್ಲ ಒಂದೊಂದು ಕಾಲದ ಶಿಷ್ಯರು ಒಂದೊಂದನ್ನು ಸೇರಿಸುತ್ತ ಬಂದಿದ್ದರು.

ಗುರುಗಳಾದ ಅಜ್ಜಯ್ಯನವರಿಗೆ ಎಂಬತ್ತು ದಾಟಿತ್ತು. ಸ್ನಾನಕ್ಕೆ ಇಳಿಯುವಾಗ ಅವರು ಏಳನೆಯ ಮೆಟ್ಟಿಲಿನ ಮೇಲೆ ಕಾಲಿಡುತ್ತಿರಲಿಲ್ಲ. ಕೋಲೂರಿ, ಅದನ್ನು ದಾಟಿ, ಎಂಟನೆಯದಕ್ಕೆ ಇಳಿಯುತ್ತಿದ್ದರು. ಯಾವುದೋ ವ್ರತವಿರಬೇಕೆಂದುಕೊಂಡು ತಿಪ್ಪೇಶ ಕಾರಣ ಕೇಳಿರಲಿಲ್ಲ.

ಆ ವರ್ಷ ಯುಗಾದಿಗೆ ಮೊದಲೇ ನೀರು ಹತ್ತನೆಯದನ್ನೂ ಬಿಟ್ಟು ಕೆಳಗೆ ಹೋಯಿತು. ಊರಿನ ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು. ಅದೇ ಊರಿನ ಹಾಲಮ್ಮ ಕೊಡ ಹಿಡಿದು ಹೊಳೆಗೆ ಬಂದಳು, ಹತ್ತನೆಯ ಮೆಟ್ಟಿಲಿನ ಕೆಳಗಿನ ಕೆಸರಿನಲ್ಲಿ ಜಾರಿ ಬಿದ್ದಳು. ಬಲಗೈ ಮುರಿಯಿತು.

ಅಂದಿನಿಂದ ತಿಪ್ಪೇಶನಿಗೆ ಧ್ಯಾನ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಉರುಳುವ ಕೊಡದ ಸದ್ದು. ಮೂರು ದಿನ ಮೆಟ್ಟಿಲು ಹತ್ತಿ ಇಳಿದು, ಕೊನೆಗೆ ಗುರುಗಳ ಮುಂದೆ ನಿಂತ.

"ಇನ್ನೊಂದು ಮೆಟ್ಟಿಲು ಹಾಕಲೇ, ಬುದ್ಧಿ?"

"ಹೊಳೆ ಅದನ್ನೂ ಬಿಟ್ಟು ಹೋದರೆ?"

"ಮತ್ತೊಂದು ಹಾಕೋಣ."

"ಅದನ್ನೂ ಬಿಟ್ಟರೆ?"

"ಅಷ್ಟರಲ್ಲಿ ಮಳೆ ಬರುತ್ತದೆ."

ಅಜ್ಜಯ್ಯ ಬಾಯಿ ತೆರೆದರು, ಏನೂ ಹೇಳದೆ ಮುಚ್ಚಿದರು. ತಿಪ್ಪೇಶ ಅದನ್ನು ಒಪ್ಪಿಗೆಯೆಂದು ತಿಳಿದ.

ಎತ್ತಿನ ಗಾಡಿಯಲ್ಲಿ ಆಳುದ್ದದ ಚಪ್ಪಡಿಯೊಂದನ್ನು ತಂದು ಕೆಸರಿನಲ್ಲಿ ಕೂರಿಸಿದ. ಹಾಲಮ್ಮ ಎಡಗೈಯಲ್ಲಿ ಕೊಡ ತುಂಬಿಕೊಂಡು ಅವನನ್ನು ಹರಸಿದಳು. ಹೀಗೇ ಹಾಕುತ್ತಾ ಹೋದರೆ ತಾನು ಪಾತಾಳದಲ್ಲಿ ನೀರು ಸೇದಿ, ಅಲ್ಲಿಯ ಸುದ್ದಿ ತರುತ್ತೇನೆಂದು ನಗಾಡಿದಳು.

ಪಕ್ಕದಲ್ಲೇ ಪಂಪ್‌ಹೌಸ್. ನಗರಕ್ಕೆ ನೀರು ಹೋಗುವುದು ಅಲ್ಲಿಂದ. ಅದನ್ನು ನೋಡಿಕೊಳ್ಳುವ ದಸ್ತಗೀರ್ ಸಾಬರು ಬೀಡಿ ಹಚ್ಚಿಕೊಂಡು ಬಂದು ಹೊಸ ಕಲ್ಲನ್ನು ನೋಡಿದರು.

"ನೀವು ಕಲ್ಲು ಇಳಿಸಿದಿರಿ, ನಾವು ಪೈಪು ಇಳಿಸಿದೆವು. ಹೊಳೆ ನಮ್ಮಿಬ್ಬರಿಗೂ ಹೆದರಿಕೊಂಡೇ ಓಡುತ್ತಿದೆ, ಸ್ವಾಮೀ," ಎಂದರು.

ಎಂಟನೆಯ ದಿನಕ್ಕೆ ನೀರು ಹನ್ನೊಂದನೆಯ ಮೆಟ್ಟಿಲನ್ನೂ ಬಿಟ್ಟಿತು.

ತಿಪ್ಪೇಶ ಅದರ ಮೇಲೆ ಕುಳಿತಿದ್ದ. ಅಜ್ಜಯ್ಯ ಒಂದೊಂದೇ ಮೆಟ್ಟಿಲು ಇಳಿದು, ಏಳನೆಯದನ್ನು ದಾಟಿ, ಅವನ ಬಳಿ ಬಂದರು.

"ಕಲ್ಲು ಎಲ್ಲಿಯದು?"

"ಮೇಲಿನ ಕೆಂಚನಕೆರೆಯದು, ಬುದ್ಧಿ. ಕೋಡಿಯ ಬಾಯಿಗೆ ಅಡ್ಡಲಾಗಿ, ಒಂದರ ಮೇಲೊಂದು ಪೇರಿಸಿದ್ದರಂತೆ. ಹಿಂದಿನವರೂ ಅಲ್ಲಿಂದಲೇ ತಂದದ್ದು."

"ಇನ್ನೆಷ್ಟಿವೆ?"

"ಇದೇ ಕೊನೆಯದು."

ಅಜ್ಜಯ್ಯ ಅವನ ಪಕ್ಕದಲ್ಲಿ ಕುಳಿತರು. ಹಿಂದೆ ನಗರದವರು ಈ ದಂಡೆಗೆ ಬಂದು, ಗಾಡಿಗಳಲ್ಲಿ ಪೀಪಾಯಿ ತುಂಬಿಕೊಂಡು ಹೋಗುತ್ತಿದ್ದುದನ್ನು ಹೇಳಿದರು. ಆಮೇಲೆ ಪಂಪ್‌ಹೌಸ್ ಬಂತು. ಅದರ ಪೈಪಿನಿಂದ ಈ ಊರಿಗೂ ನಲ್ಲಿ ಬಂತು. ನಲ್ಲಿ ಬಂದ ಮೇಲೆ ಕೆರೆಯ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಅದಕ್ಕೂ ಮೊದಲು, ಬೇಸಿಗೆಯುದ್ದಕ್ಕೂ ಕೆರೆಯ ಜೌಗು ನೀರು ಹಳ್ಳವಾಗಿ ಬಂದು, ಈ ಮೆಟ್ಟಿಲುಗಳ ಮೇಲ್ಗಡೆಯೇ ಹೊಳೆ ಸೇರುತ್ತಿತ್ತಂತೆ.

"ನೀನು ಹೋದಾಗ ಕೆರೆಯಲ್ಲಿ ನೀರಿತ್ತೇ?"

"ಎಲ್ಲಿ ಬುದ್ಧಿ, ನೆಲ ಬಿರಿದಿತ್ತು. ಕೋಡಿಯಲ್ಲಿ ಕಲ್ಲೇ ಇಲ್ಲದ ಮೇಲೆ ಮಳೆನೀರು ನಿಲ್ಲುವುದಾದರೂ..."

ತಿಪ್ಪೇಶ ತಾನು ಕುಳಿತಿದ್ದ ಕಲ್ಲಿನಿಂದ ಎದ್ದ. ಆ ದಿನ ಊಟಕ್ಕೂ ಬರಲಿಲ್ಲ.

ಮರುದಿನ ಬೆಳಗ್ಗೆ ಹಾರೆ ಹಾಕಿ ಹನ್ನೊಂದನೆಯದನ್ನು ಕಿತ್ತ. ಹಗ್ಗ ಬಿಗಿದು ಗಾಡಿಗೆ ಏರಿಸುತ್ತಿರುವಾಗ ಹಾಲಮ್ಮ ಬಂದಳು. ಕಲ್ಲಿದ್ದ ಕಡೆ ನೋಡಿದಳು, ಗಾಡಿಯ ಕಡೆ ನೋಡಿದಳು.

"ನೀನೇ ಇಟ್ಟೆ, ನೀನೇ ಕಿತ್ತೆ. ನನಗೆ ಇನ್ನೊಂದು ಕೈ ಉಳಿದಿದೆ ಅಂತ ಹೊಟ್ಟೆಯುರಿಯೇನಪ್ಪ?"

ತಿಪ್ಪೇಶ, ಸ್ನಾನಕ್ಕೆ ಇಳಿದು ಬಂದಿದ್ದ ಗುರುಗಳ ಕಡೆ ತಿರುಗಿದ. "ಮಳೆಗೆ ಇನ್ನೂ ಎರಡು ತಿಂಗಳಿದೆ, ಬುದ್ಧಿ. ಅಲ್ಲಿಯವರೆಗೆ ಇವರು ಎಲ್ಲಿ ಕಾಲಿಡಬೇಕು?"

ಅಜ್ಜಯ್ಯ ಕೋಲನ್ನು ಮೆಟ್ಟಿಲ ಮೇಲಿಟ್ಟರು. ಕಾವಿಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ಕೆಸರಿಗೆ ಇಳಿದು, ಹಾಲಮ್ಮನ ಮುಂದೆ ಕೈ ಚಾಚಿದರು.

ಗುರುಗಳ ಕೈಯಲ್ಲಿ ನೀರು ಹೊರಿಸಿದರೆ ತನಗೆ ಪಾಪ ಬರುತ್ತದೆಂದು ಆಕೆ ಕೊಡವನ್ನು ಎದೆಗೆ ಅವುಚಿಕೊಂಡಳು. ಚಾಚಿದ ಕೈ ಹಿಂದೆ ಸರಿಯಲಿಲ್ಲ. ಕೊನೆಗೆ ಕೊಟ್ಟಳು. ಅಜ್ಜಯ್ಯ ಅದನ್ನು ತುಂಬಿ, ಎರಡೂ ಕೈಯಿಂದ ಎತ್ತಿ, ತಿಪ್ಪೇಶನ ಕೈಗೆ ದಾಟಿಸಿದರು. ಅವನು ಅದನ್ನು ಮೇಲಿನವರೆಗೂ ಹೊತ್ತು ಇಳಿಸಿ ಬಂದ. ಅಷ್ಟರಲ್ಲಿ ಇನ್ನೂ ನಾಲ್ಕು ಜನ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದರು.

ಎಲ್ಲರದೂ ಮುಗಿಯುವಾಗ ಬಿಸಿಲೇರಿತ್ತು. ತಿಪ್ಪೇಶ ಹಾರೆ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

"ಒಂದು ಕಲ್ಲಿನಿಂದ ಕೋಡಿ ನಿಲ್ಲುವುದಿಲ್ಲ, ಬುದ್ಧಿ. ಬಣ್ಣ ಬೇರೆಯಾದ ಐದೂ ಹೋಗಬೇಕು. ನನ್ನದನ್ನು ನಾನು ಕಿತ್ತೆ. ಉಳಿದ ನಾಲ್ಕು ಹಿಂದಿನವರು ತಂದದ್ದು. ಅವನ್ನು ಮುಟ್ಟಲು ಯಾರ ಅಪ್ಪಣೆ ಕೇಳಲಿ?"

ಅಜ್ಜಯ್ಯ ಕೆಸರಿನಲ್ಲಿ ನಿಂತೇ ಮೇಲಕ್ಕೆ ನೋಡಿದರು.

"ಏಳನೆಯದರಿಂದ ಶುರು ಮಾಡು. ಅದನ್ನು ತಂದವನು ಅಪ್ಪಣೆ ಕೊಟ್ಟಿದ್ದಾನೆ."