ಗಡ್ಡದ ಅರಳೆ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೆ ಇನ್ನೂ ಹೆಸರಿಟ್ಟಿರಲಿಲ್ಲವೇನೋ, ಆ ಕಾಲಕ್ಕೆ, ಎರೆನಾಡಿನ ಒಂದು ಊರಲ್ಲಿ ದಾವಲಸಾಬ ಅಂತ ಒಬ್ಬ ಪಿಂಜಾರ ಇದ್ದನಂತೆ. ಹೆಗಲ ಮೇಲೆ ಆಳುದ್ದದ ಬಿಲ್ಲು, ಕೈಯಲ್ಲಿ ಕಟ್ಟಿಗೆಯ ಕೊಡತಿ. ಮನೆಮನೆಗೆ ಹೋಗಿ, ಅವರ ಅಂಗಳದಲ್ಲೇ ಕೂತು, ಅವರದೇ ಅರಳೆ ಹಿಂಜಿ, ಗಾದಿ ರಜಾಯಿ ತುಂಬಿ ಹೊಲಿದುಕೊಡುವುದು ಅವನ ಕಸುಬು. ಅವನು ಹೊಲಿದ ರಜಾಯಿ ಹೊದ್ದವರಿಗೆ ಕೆಟ್ಟ ಕನಸು ಬೀಳುತ್ತಿರಲಿಲ್ಲವಂತೆ. ಒಂದೇ ರಜಾಯಿಯಲ್ಲಿ ಏಳು ಮಂದಿ ಮಲಗಿದರೂ ಯಾರ ಕಾಲೂ ಹೊರಗೆ ಉಳಿಯುತ್ತಿರಲಿಲ್ಲ ಅಂತಲೂ ಹೇಳುತ್ತಾರೆ. ಇದನ್ನು ನಾನು ನಂಬುವುದಿಲ್ಲ. ಆದರೆ ಹೇಳಿದವಳು ನನ್ನ ಅವ್ವ, ಹಾಗಾಗಿ ಬಿಡುವ ಹಾಗೂ ಇಲ್ಲ.

ನಂಬುವ ಮಾತು ಬೇರೆ ಇದೆ. ಕೆಲಸ ಮುಗಿದ ಮೇಲೆ ದಾವಲಸಾಬ ಅದೇ ಅಂಗಳದಲ್ಲಿ ನಿಂತು ಅಂಗಿ ಜಾಡಿಸುತ್ತಿದ್ದ, ಧೋತರ ಜಾಡಿಸುತ್ತಿದ್ದ, ಟೋಪಿ ಜಾಡಿಸುತ್ತಿದ್ದ. ಬಿದ್ದ ಅರಳೆಯ ಎಳೆಗಳನ್ನು ಹೆಕ್ಕಿ ಮನೆಯೊಡತಿಯ ಕೈಗೆ ಕೊಡುತ್ತಿದ್ದ. ನಮಾಜಿಗೆಂದು ಬಿಲ್ಲು ಕೆಳಗಿಟ್ಟರೆ, ಅಷ್ಟು ಹೊತ್ತು ಸಂಜೆ ಹೆಚ್ಚಿಗೆ ದುಡಿದೇ ಏಳುತ್ತಿದ್ದ. ಹೆಂಗಸರು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರಂತೆ. ನಕ್ಕವರೇ ಮಕ್ಕಳಿಗೆ ಜ್ವರ ಬಂದರೆ ಅವನ ಬಾಗಿಲಿಗೆ ಹೋಗುತ್ತಿದ್ದರು. ಅವನು ದುವಾ ಓದಿ ನೀರಿನ ಮೇಲೆ ಊದಿ ಕೊಟ್ಟರೆ ಜ್ವರ ಬಿಡುತ್ತಿತ್ತಂತೆ. ಯಾರಾದರೂ ಹೊಗಳಿದರೆ ಅವನದು ಒಂದೇ ಮಾತು: “ನನ್ನ ಉಸಿರಾಗ ಏನೈತ್ರಿ? ಹಲಾಲ ತುತ್ತು ಹಲಾಲ ಉಸಿರಾಗತೈತಿ, ಅಷ್ಟ.”

ಅವನ ಹೆಂಡತಿ ಜೈತೂನಬಿ. ಆಕೆಗೂ ಗಂಡನ ನೇಮ ಗೊತ್ತು, ನೇಮದ ಮೇಲೆ ಗೌರವವೂ ಇತ್ತು. ಆದರೆ ಊರಿಗೆಲ್ಲ ರಜಾಯಿ ಹೊಲಿಯುವವನ ಮನೆಯಲ್ಲಿ ಇದ್ದದ್ದು ಒಂದು ಹರಕು ಕೌದಿ. ಚಳಿಗಾಲ ಬಂತೆಂದರೆ ಅವನ ಕೆಮ್ಮು ಕೇಳುತ್ತ ಆಕೆ ರಾತ್ರಿಯೆಲ್ಲ ಎದ್ದು ಕೂತಿರುತ್ತಿದ್ದಳು. ಎಷ್ಟು ಜಾಡಿಸಿದರೂ ಅವನ ಗಡ್ಡದಲ್ಲಿ, ಕಿವಿಯ ಹಿಂದೆ, ಸೊಂಟದ ಮಡಿಕೆಯಲ್ಲಿ ನಾಲ್ಕು ಎಳೆ ಅರಳೆ ಉಳಿದೇ ಇರುತ್ತಿತ್ತು. ಉಣ್ಣಲು ಕೂತಾಗ ಆಕೆ ಅದನ್ನು ಬೆರಳಿಂದ ಬಿಡಿಸುತ್ತಿದ್ದಳು. ಮುದ್ದು ಮಾಡುತ್ತಿದ್ದಾಳೆ ಅಂತ ಅವನು ಸುಮ್ಮನೆ ಕೂತಿರುತ್ತಿದ್ದ. ಮುದ್ದೂ ಇತ್ತು ಅನ್ನಿ. ಬಿಡಿಸಿದ ಅರಳೆ ಒಂದು ಗಡಿಗೆ ಸೇರುತ್ತಿತ್ತು. ಹನಿ ಹನಿ ಕೂಡಿದರೆ ಹಳ್ಳ. ಹನ್ನೆರಡು ವರ್ಷಕ್ಕೆ ಒಂದು ರಜಾಯಿ ಆಯಿತಂತೆ. ಅದನ್ನು ಗಂಡನಿಗೆ ಹೊದಿಸಿ, ಅರಳೆ ತವರಿನಿಂದ ಬಂತು ಎಂದಳು. ಬದುಕಿನಲ್ಲಿ ಆಕೆ ಅವನಿಗೆ ಹೇಳಿದ ಸುಳ್ಳು ಅದೊಂದೇ.

ಎರಡು ಚಳಿಗಾಲ ಅವನು ಬೆಚ್ಚಗೆ ಮಲಗಿದ. ಕೆಮ್ಮು ಹೋಯಿತು. ಆದರೆ ದುವಾಕ್ಕೆ ಕೈ ಎತ್ತಿದರೆ ಮನಸ್ಸು ಏಳುತ್ತಿರಲಿಲ್ಲ, ಉಪ್ಪಿಲ್ಲದ ಸಾರಿನ ಹಾಗೆ ಎಲ್ಲ ಸಪ್ಪೆ. ಜನರ ಮಕ್ಕಳಿಗೆ ಜ್ವರ ಬಿಡುತ್ತಲೇ ಇತ್ತಂತೆ, ಸಪ್ಪೆಯಾದದ್ದು ಅವನಿಗೆ ಮಾತ್ರ. ಹರಾಮಿನದು ಒಂದು ತುತ್ತು ಒಳಗೆ ಹೋದರೂ ನಲವತ್ತು ದಿನ ದುವಾ ಮೇಲೇರುವುದಿಲ್ಲ ಎಂದು ಅವನ ಅಜ್ಜ ಹೇಳುತ್ತಿದ್ದನಂತೆ. ಎಲ್ಲಿ ತಪ್ಪಿದೆ, ಏನು ತಿಂದೆ ಎಂದು ಹುಡುಕಿ ಹುಡುಕಿ ಅವನು ಸೊರಗಿದ.

ಮೂರನೆಯ ಚಳಿಗಾಲ ಜೈತೂನಬಿಗೇ ಜ್ವರ ಬಂತು. ಮೈ ಗಡಗಡ ನಡುಗುತ್ತಿತ್ತು. ದಾವಲಸಾಬ ತನ್ನ ಕೈಯಾರೆ ಆ ರಜಾಯಿ ಹೊದಿಸಿ, ಮಗ್ಗುಲಲ್ಲಿ ಕೂತು ಆಕೆಯ ಪಾದ ಉಜ್ಜುತ್ತಿದ್ದ. ಬೆಳಗಿನ ಹೊತ್ತು. ರಜಾಯಿಯ ಅಂಚಿನ ಹೊಲಿಗೆ ಬಿಚ್ಚಿ ಒಂದಿಷ್ಟು ಅರಳೆ ಅವನ ಬೆರಳಿಗೆ ಬಂತು. ಪಿಂಜಾರನ ಬೆರಳಿಗೆ ಕಣ್ಣಿರುತ್ತದೆ. ಇದು ಗೌಡರ ಹೊಲದ್ದು, ಇದು ಹಳ್ಳದಾಚೆಯ ಮಡ್ಡಿ ನೆಲದ್ದು, ಇದು ಬಸಲಿಂಗವ್ವನ ಮನೆಯ ಹಳೆ ಗಾದಿಯದು. ಒಂದೇ ಹಿಡಿಯಲ್ಲಿ ಊರೆಲ್ಲ ಇತ್ತು.

ಕೇಳಿದ. ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನಿಸುತ್ತದೆ ನನಗೆ. ಆಕೆಯ ಮೈಮೇಲಿಂದ ರಜಾಯಿ ತೆಗೆದ, ಹರಕು ಕೌದಿ ಹೊದಿಸಿದ, ರಜಾಯಿ ಮಡಚಿ ಹೆಗಲಿಗೆ ಹಾಕಿಕೊಂಡ.

“ಬಿಸಲರ ಏರಲಿ, ಆಮ್ಯಾಲ ಹೋಗ್ರಿ,” ಎಂದಳಂತೆ ಜೈತೂನಬಿ.

“ಮಂದೀದು ಒಂದು ಗಳಿಗಿನೂ ನಮ್ಮನ್ಯಾಗ ಇರಬಾರದು,” ಎಂದು ಅವನು ಹೊರಟೇಬಿಟ್ಟ.

ಮನೆಮನೆಗೆ ಹೋದ. ನಿಮ್ಮ ಅರಳೆ ನನ್ನ ಗಡ್ಡದಲ್ಲಿ ಬಂದಿದೆ, ಬೇಕಾದರೆ ರಜಾಯಿ ಬಿಚ್ಚಿ ನಿಮ್ಮ ಪಾಲು ತೆಗೆದುಕೊಳ್ಳಿ, ಇಲ್ಲವಾದರೆ ಬಾಯಿಬಿಟ್ಟು ಹಲಾಲ ಮಾಡಿ ಎಂದ. ಹಲಾಲ ಮಾಡುವುದೆಂದರೆ ನಮ್ಮ ಹಕ್ಕನ್ನು ಮನಸಾರೆ ಬಿಟ್ಟುಕೊಡುವುದು. ಕೆಲವರು ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಅದನ್ನು ನಾವು ಕಸಬರಿಗೆಯಿಂದ ಗುಡಿಸಿ ಚೆಲ್ಲುತ್ತಿದ್ದೆವು ಮಾರಾಯಾ ಎಂದರು. ಇಲ್ಲ ಎಂದವರು ಒಬ್ಬರೂ ಇಲ್ಲ. ಒಂದೊಂದು ಬಾಗಿಲು ದಾಟಿದಂತೆ ಅವನ ಎದೆ ಹಗುರಾಗುತ್ತಿತ್ತಂತೆ, ದುವಾದ ರುಚಿ ನಾಲಿಗೆಗೆ ಮರಳುತ್ತಿತ್ತಂತೆ. ಹೊತ್ತು ಮಧ್ಯಾಹ್ನ ದಾಟಿತ್ತು.

ಕೊನೆಯದು ಬಸಲಿಂಗವ್ವನ ಮನೆ. ಮುದುಕಿ ಎಲ್ಲ ಕೇಳಿಸಿಕೊಂಡು, ಜೈತೂನ ಹೇಗಿದ್ದಾಳೆ ಎಂದಳು. ಜ್ವರದಲ್ಲಿದ್ದಾಳೆ ಎಂದ.

“ಜ್ವರದಾಗ ಇದ್ದಾಕಿ ಮೈಮ್ಯಾಲಿಂದು ಎತ್ತಿಕೊಂಡು ಬಂದ್ಯಾ ತಮ್ಮಾ? ನಾವು ಎಲ್ಲಿಗೆ ಓಡಿಹೋಗತಿದ್ವಿ? ಅದನ್ನ ಆಕೀಗೆ ಹೊಚ್ಚಿ, ಬರೇ ಕೈಲೆ ಬಂದು ಕೇಳಿದ್ರ ಕೊಡತಿರಲಿಲ್ಲೇನು? ಊರಾಗಿನವರದೆಲ್ಲಾ ಹಲಾಲ ಮಾಡಿಸಿಕೊಂಡಿ. ಆಕೀದು?”

ದಾವಲಸಾಬ ಓಡಿದನಂತೆ. ಆ ವಯಸ್ಸಿನಲ್ಲಿ ಹಾಗೆ ಓಡಿದವರನ್ನು ಊರು ಕಂಡಿರಲಿಲ್ಲವಂತೆ. ಬಾಗಿಲು ತೆರೆದೇ ಇತ್ತು. ಜೈತೂನಬಿ ಮೊಣಕಾಲು ಎದೆಗೆ ಒತ್ತಿಕೊಂಡು, ಮುದುಡಿ, ತಣ್ಣಗಾಗಿದ್ದಳು. ಈಗ ರಜಾಯಿ ಪೂರ್ತಿ ಹಲಾಲ. ಅದನ್ನು ಹೊದಿಸಿದ. ಎರಡೂ ಕೈ ಹಿಡಿದು, ನನಗೂ ಹಲಾಲ ಮಾಡು ಎಂದು ಕೇಳಿದ. ಕೇಳುತ್ತಲೇ ಇದ್ದನಂತೆ.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಜನ ಸಮಾಧಾನ ಹೇಳಿದರು. ಅವನು ಬಿಲ್ಲು ಬಿಡಲಿಲ್ಲ, ಆದರೆ ನೀರು ಊದಿ ಕೊಡುವುದನ್ನು ಬಿಟ್ಟ. ದುಡಿದು ತಂದ ರೊಟ್ಟಿಯನ್ನು ದಿನವೂ ಆಕೆಯ ಗೋರಿಯ ಹತ್ತಿರ ಒಯ್ದು, ಕೈಯಲ್ಲಿ ತುತ್ತು ಹಿಡಿದು, ಹಲಾಲ ಮಾಡಿದ್ಯಾ ಎಂದು ಕೇಳಿ, ಬಹಳ ಹೊತ್ತು ಕಾದು, ಆಮೇಲೆ ತಿನ್ನುತ್ತಿದ್ದನಂತೆ. ಸಾಯುವ ದಿನದವರೆಗೂ ಹಾಗೇ.

ಆ ಊರಲ್ಲಿ ಈಗ ಬಿಲ್ಲು ಹಿಡಿಯುವವರಿಲ್ಲ. ಒಂದು ರೂಢಿ ಮಾತ್ರ ಉಳಿದಿದೆ. ದುಡಿದು ಬಂದ ಗಂಡಸು, ಯಾವ ಜಾತಿಯವನೇ ಇರಲಿ, ಮೊದಲ ತುತ್ತು ಮುರಿದು ಕೈಯಲ್ಲೇ ಹಿಡಿದು ಮನೆಯವಳನ್ನು ಕೇಳುತ್ತಾನೆ, “ಹಲಾಲ ಮಾಡಿದ್ಯಾ?” ಆಕೆ ಬಾಯಿಬಿಟ್ಟು ಹೂಂ ಅನ್ನಬೇಕು, ಅಲ್ಲಿಯವರೆಗೆ ತಿನ್ನುವ ಹಾಗಿಲ್ಲ. ಹಗಲೆಲ್ಲ ಜಗಳವಾಡಿದ ದಿನ ಕೆಲವರು ಬೇಕೆಂದೇ ಸುಮ್ಮನಿರುತ್ತಾರೆ, ಗಂಡ ತುತ್ತು ಹಿಡಿದುಕೊಂಡು ಕೂತಿರುತ್ತಾನೆ. ಆದರೆ ಚಳಿಗಾಲದಲ್ಲಿ ಯಾರೂ ಹಾಗೆ ಸತಾಯಿಸುವುದಿಲ್ಲ. ಕೇಳುವ ಮೊದಲೇ ಹೂಂ ಅಂದುಬಿಡುತ್ತಾರೆ.