ಅಡುಗೆಮನೆಗೆ ಎಳೆದ ಕೇಬಲ್

ನದಿ ದಂಡೆಯ ಆಶ್ರಮ. ದಿನಾ ಬೆಳಿಗ್ಗೆ ಸಭಾಂಗಣದಲ್ಲಿ ಗುರುಗಳ ಪ್ರವಚನ. ಒಳಗೆ ಜಾಗ ಸಿಗದವರಿಗೆಂದು ಕ್ಯಾಮೆರಾದಿಂದ ಕೇಬಲ್ ಎಳೆದು ಜಗಲಿಯಲ್ಲಿ ಒಂದು ಟಿ.ವಿ. ಇಟ್ಟಿದ್ದರು.

ಆ ಕೇಬಲ್ ಅಡುಗೆಮನೆಯ ಗೋಡೆಯ ಮೇಲೆಯೇ ಹಾದುಹೋಗುತ್ತಿತ್ತು. ನಿಲ್ಲುತ್ತಿರಲಿಲ್ಲ.

ಅಡುಗೆಮನೆಯಲ್ಲಿದ್ದ ಶಿಷ್ಯೆ ಕಾತ್ಯಾಯಿನಿ ಒಂದು ದಿನ ಗುರುಗಳನ್ನು ತಡೆದು ನಿಲ್ಲಿಸಿದಳು.

"ನಿಮ್ಮ ಮಾತು ಕೇಳಬೇಕು ಅಂತ ಮನೆ ಬಿಟ್ಟು ಬಂದೆ. ಬಂದಮೇಲೆ ಕೇಳಿದ್ದು ಕುಕ್ಕರಿನ ಸೀಟಿ ಮಾತ್ರ."

"ಸಾರು ಚೆನ್ನಾಗಿತ್ತು," ಅಂದರು ಗುರುಗಳು.

"ಅದು ಉತ್ತರ ಅಲ್ಲ."

"ಅಲ್ಲ," ಎಂದು ಒಪ್ಪಿಕೊಂಡು ಗುರುಗಳು ಸ್ನಾನಕ್ಕೆ ನದಿಗಿಳಿದರು.

ಅವಳು ಆಶ್ರಮದ ಆಡಳಿತ ನೋಡಿಕೊಳ್ಳುತ್ತಿದ್ದ ಶಂಭುಲಿಂಗಯ್ಯನವರ ಹತ್ತಿರ ಹೋದಳು. ಅಡುಗೆಮನೆಗೂ ಒಂದು ಟಿ.ವಿ. ಬೇಕು ಅಂದಳು.

"ಟಿ.ವಿ. ನೋಡ್ತಾ ನಿಂತರೆ ಒಗ್ಗರಣೆ ಸೀದುಹೋಗುತ್ತೆ ತಾಯಿ."

"ನೀವು ಮುಂದಿನ ಸಾಲಲ್ಲಿ ಕೂತು ಗೊರಕೆ ಹೊಡೀತೀರಲ್ಲ, ಅದಕ್ಕಿಂತ ಕಮ್ಮಿ ನಷ್ಟ."

ಶಂಭುಲಿಂಗಯ್ಯ ಕೆಮ್ಮಿದರು. "ಒಂದು ಕೇಬಲ್ಲನ್ನ ಎರಡು ಮಾಡಿದರೆ ಜಗಲಿಯವರಿಗೆ ಚಿತ್ರ ಕೆಡುತ್ತೆ. ದೊಡ್ಡ ದೊಡ್ಡವರು ಕೂರೋ ಜಾಗ ಅದು." ಕೇಬಲ್ಲಿನ ಹುಡುಗನಿಗೂ ಆಶ್ರಮದ ಕಡೆ ತಲೆ ಹಾಕಬೇಡ ಎಂದು ಫೋನು ಹೋಯಿತು.

ಸರಿ, ಕಾತ್ಯಾಯಿನಿ ತಾನೇ ಪೇಟೆಗೆ ಹೋಗಿ, ಒಂದು ಕೇಬಲ್ಲನ್ನು ಕವಲೊಡೆಸುವ ಸ್ಪ್ಲಿಟರ್ ತಂದಳು. ಎರಡು ಬಾಯಿಯದು ಖಾಲಿಯಾಗಿತ್ತೆಂದು ಅಂಗಡಿಯವನು ಮೂರು ಬಾಯಿಯದನ್ನು ಕೊಟ್ಟಿದ್ದ. ಟಿ.ವಿ.ಗೇನೂ ಬರವಿರಲಿಲ್ಲ. ಭಕ್ತರು ಹೊಸದು ಕೊಂಡಾಗಲೆಲ್ಲ ಹಳೆಯದನ್ನು ಆಶ್ರಮಕ್ಕೆ ದಾನ ಮಾಡುತ್ತಿದ್ದರು. ಪುಣ್ಯವೂ ಬಂತು, ಮನೆಯಲ್ಲಿ ಜಾಗವೂ ಆಯಿತು.

ಈಳಿಗೆಮಣೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಹತ್ತಿದಳು. ಗೋಡೆಯ ಮೇಲಿನ ಕೇಬಲ್ಲನ್ನು ಕತ್ತರಿಸಿ, ತುದಿಯ ಸಿಪ್ಪೆ ಸುಲಿದು, ಸ್ಪ್ಲಿಟರಿಗೆ ತಿರುಪಿದಳು. ಒಂದು ಬಾಯಿಂದ ಜಗಲಿಗೆ, ಇನ್ನೊಂದರಿಂದ ಅಡುಗೆಮನೆಯ ಟಿ.ವಿ.ಗೆ.

ಮಾರನೆಯ ಬೆಳಿಗ್ಗೆ ಉಪ್ಪಿನಕಾಯಿ ಜಾಡಿಗಳ ನಡುವೆ ಗುರುಗಳು ಪ್ರತ್ಯಕ್ಷರಾದರು. ಹೆಂಗಸರು ಸೌಟು ಹಿಡಿದೇ ಕೈಮುಗಿದರು. ಒಗ್ಗರಣೆ ಸೀಯಲಿಲ್ಲ.

ಜಗಲಿಯ ಟಿ.ವಿ.ಯಲ್ಲಿ ಮಾತ್ರ ಇಬ್ಬರು ಗುರುಗಳು ಕಾಣಿಸಿಕೊಂಡರು, ಒಬ್ಬರ ಹಿಂದೆ ಒಬ್ಬರು, ಮಸುಕು ಮಸುಕಾಗಿ. ಯಾರಿಗೆ ನಮಸ್ಕಾರ ಮಾಡುವುದೆಂದು ಭಕ್ತರಲ್ಲಿ ಗುಸುಗುಸು ಶುರುವಾಯಿತು.

ಪ್ರವಚನ ಮುಗಿದದ್ದೇ ತಡ, ಶಂಭುಲಿಂಗಯ್ಯ ಅಡುಗೆಮನೆ ಬಾಗಿಲಿಗೆ ಬಂದರು.

"ಈಗಲೇ ಕಿತ್ತುಹಾಕು. ಇಲ್ಲ, ಗಂಟುಮೂಟೆ ಕಟ್ಟು."

"ಕೀಳಲ್ಲ. ಗಂಟುಮೂಟೆನೂ ಕಟ್ಟಲ್ಲ."

"ಗುರುಗಳೇ ಬಂದು ಹೇಳಿದರೆ?"

"ಅವರು ಬರಲಿ. ಅಡುಗೆಮನೆ ಹೇಗಿದೆ ಅಂತ ಅವರೂ ಒಂದು ಸಲ ನೋಡಿದ ಹಾಗಾಗುತ್ತೆ."

ಗುರುಗಳು ಬಂದರು. ತಲೆ ಎತ್ತಿ ಸ್ಪ್ಲಿಟರನ್ನು ಬಹಳ ಹೊತ್ತು ನೋಡಿದರು.

"ಇದಕ್ಕೆ ಮೂರು ಬಾಯಿ. ಹೊರಗೆ ಹೋಗುವ ತಂತಿ ಎರಡೇ ಇದೆಯಲ್ಲ?"

ಕಾತ್ಯಾಯಿನಿ ನಾಲಿಗೆ ಕಚ್ಚಿಕೊಂಡಳು. "ತಪ್ಪು ನನ್ನದೇ. ಖಾಲಿ ಬಾಯಿ ತೆರೆದು ಬಿಟ್ಟರೆ ಅಲ್ಲಿಗೆ ಹೋದದ್ದು ವಾಪಸ್ ಬಂದು ಚಿತ್ರ ಎರಡೆರಡಾಗುತ್ತೆ ಅಂತ ಅಂಗಡಿಯವನು ಹೇಳಿದ್ದ. ಮರೆತೆ. ಒಂದು ಮುಚ್ಚಳ ತಿರುಪಿದರೆ ಸರಿಹೋಗುತ್ತೆ."

"ನೋಡಿದಿರಾ, ತಪ್ಪು ಅಂತ ಅವಳೇ ಒಪ್ಪಿಕೊಂಡಳು!" ಅಂದರು ಶಂಭುಲಿಂಗಯ್ಯ.

ಗುರುಗಳು ಹಿತ್ತಲ ಬಾಗಿಲ ಕಡೆ ತಿರುಗಿದರು. ಆಚೆ, ಕರಿಬೇವಿನ ಗಿಡದ ಹಿಂದೆ, ಮುಟ್ಟಾದವರು ಕೂರುವ ಒಂಟಿ ಕೋಣೆ.

"ಇವತ್ತು ಅಲ್ಲಿ ಯಾರಿದ್ದಾರೆ?"

"ವಿಶಾಲು. ನಿನ್ನೆಯಿಂದ ಹೊರಗೆ ಕೂತಿದ್ದಾಳೆ."

"ಅವಳಿಗೆ ಇವತ್ತಿನ ಪ್ರವಚನ ಕೇಳಿಸಿತಾ?"

ಕಾತ್ಯಾಯಿನಿ ತಲೆ ತಗ್ಗಿಸಿದಳು. ನಿನ್ನೆ ಇಡೀ ದಿನ ತಾನು ತಂತಿ ಎಳೆದಿದ್ದಳು. ಊಟದ ತಟ್ಟೆಯನ್ನು ಆ ಕೋಣೆಯ ಹೊಸ್ತಿಲಲ್ಲಿ ಇಟ್ಟು ಬಂದವಳೂ ತಾನೇ.

ಆಮೇಲೆ ತಲೆ ಎತ್ತಿದಳು. "ಆ ಕೋಣೆ ನಾನು ಕಟ್ಟಿಸಿದ್ದಲ್ಲ ಗುರುಗಳೇ."

"ನಾನೂ ಅಲ್ಲ. ಇಬ್ಬರೂ ಉಳಿಸಿಕೊಂಡು ಬಂದಿದ್ದೀವಿ."

ಶಂಭುಲಿಂಗಯ್ಯ ಅಡ್ಡ ಬಂದರು. "ಗುರುಗಳೇ, ಮೈಲಿಗೆ! ಆ ಕೋಣೆಗೆ ನಿಮ್ಮ ಮುಖ ಹೋಗೋದು ಅಂದರೆ..."

"ಸ್ಟೂಲು ಅಲ್ಲಾಡುತ್ತೆ ಶಂಭುಲಿಂಗಯ್ಯ, ಹಿಡ್ಕೊಳ್ಳಿ," ಅಂದಳು ಕಾತ್ಯಾಯಿನಿ. ಅಷ್ಟರಲ್ಲಾಗಲೇ ಮೇಲೆ ಹತ್ತಿದ್ದಳು. ಕೈಯಲ್ಲಿ ಉಳಿದ ಕೇಬಲ್ ಸುರುಳಿ.

ಶಂಭುಲಿಂಗಯ್ಯ ಗುರುಗಳ ಮುಖ ನೋಡಿದರು. ಗುರುಗಳು ಬಾಗಿಲ ಕಡೆ ಹೊರಟರು. ಶಂಭುಲಿಂಗಯ್ಯ ಸ್ಟೂಲು ಹಿಡಿದುಕೊಂಡರು.

ಮೂರನೆಯ ಬಾಯಿಗೆ ತಂತಿ ಹಿಡಿದವಳು, ತಿರುಪುವ ಮುಂಚೆ, ಯಾಕೋ ಒಮ್ಮೆ ತಡೆದಳು. ಕೆಳಗೆ ನೋಡಿದಳು.

"ಗುರುಗಳೇ, ಆ ಕೋಣೆಗೆ ಎಳೀಬಹುದು ತಾನೇ?"

ಗುರುಗಳು ಆಗಲೇ ಅಡುಗೆಮನೆಯ ಹೊಸ್ತಿಲು ದಾಟಿದ್ದರು. ತಿರುಗಿ ನೋಡದೆ ಕೇಳಿದರು:

"ಅಡುಗೆಮನೆಗೆ ಎಳೆಯುವಾಗ ಯಾರನ್ನ ಕೇಳಿದ್ದೆ?"