ಮುಂಗುಸಿ ತಿರುಗಿ ನೋಡುವುದೇಕೆ

ಲೋಕದ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಆಗ ಭೂಮಿತಾಯಿ ಒಬ್ಬೊಬ್ಬರಿಗೂ ಒಂದೊಂದು ಜಾಗದಲ್ಲಿ ಊಟ ಇಡುತ್ತಿದ್ದಳು. ಕೆಂಚಿ ಎಂಬ ಮುಂಗುಸಿಯ ಪಾಲು ಹಳ್ಳದ ದಂಡೆಯ ಚಪ್ಪಟೆ ಕಲ್ಲಿನ ಕೆಳಗೆ ಇರುತ್ತಿತ್ತು. ಬೆಳಗಾದರೆ ಕೆಂಚಿ ಕಲ್ಲು ಎತ್ತುವಳು. ತಾನೂ ತಿಂದು, ತನ್ನ ಎರಡು ಮರಿಗಳಿಗೂ ತಿನ್ನಿಸುವಳು.

ಬರಬರುತ್ತಾ ಲೋಕದಲ್ಲಿ ಬಾಯಿಗಳು ಹೆಚ್ಚಿದವು. ಎಲ್ಲರ ಎಲೆಗೂ ಬಡಿಸಲು ಭೂಮಿತಾಯಿಗೆ ಆಗಲಿಲ್ಲ. "ಇನ್ನು ಮೇಲೆ ನಡೆದಲ್ಲೆಲ್ಲ ಚೆಲ್ಲುತ್ತಾ ಹೋಗುತ್ತೇನೆ, ಹುಡುಕಿಕೊಂಡು ತಿನ್ನಿ" ಎಂದು ಗಾಳಿಯ ಕೈಯಲ್ಲಿ ಹೇಳಿಕಳಿಸಿದಳು.

"ಕೇಳಿದ್ಯೇನೇ ಕೆಂಚಿ? ಏಳು ಮೇಲೆ!" ಎಂದಿತು ಗಾಳಿ.

"ಹೋಗೋ ಮಾರಾಯ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ? ಮೊನ್ನೆ ಇದೇ ಕಲ್ಲಿನ ಕೆಳಗೆ ಚೇಳು ಸಿಕ್ಕಿಲ್ವಾ?"

ಸಿಕ್ಕಿದ್ದು ನಿಜ. ಅವಳನ್ನು ಸೋಮಾರಿ ಅನ್ನಬೇಡ ಮಗೂ. ಏನೂ ಸಿಗದೇ ಹೋಗಿದ್ದರೆ ಎಂದೋ ಎದ್ದು ಹೋಗುತ್ತಿದ್ದಳು. ಇವತ್ತು ಇಲ್ಲ, ಮರುದಿನವೂ ಇಲ್ಲ, ಇನ್ನೇನು ಹೊರಡಬೇಕು ಎನ್ನುವಾಗ ಒಂದು ಹುಳ. ಆ ಒಂದು ಹುಳವೇ ಅವಳನ್ನು ಕಟ್ಟಿಹಾಕಿತು. ಹಸಿವು ಹೆಚ್ಚಿದಷ್ಟೂ ಕಲ್ಲಿಗೇ ಅಂಟಿಕೊಂಡಳು.

ಒಂದು ಬೆಳಗ್ಗೆ ಕಿರಿಮರಿ ಏಳಲಿಲ್ಲ. ಕೆಂಚಿ ಮೂತಿಯಿಂದ ತಳ್ಳಿದಳು, ನೆಕ್ಕಿದಳು. ಅದು ಏಳಲೇ ಇಲ್ಲ.

ಸೊರಗಿದ ಹಿರಿಮರಿ ಕೇಳಿತು, "ಅವ್ವಾ, ಇವತ್ತು ಕಲ್ಲು ಕೊಡ್ತದಾ?"

ಕೆಂಚಿ ಕಲ್ಲಿನ ಕಡೆ ನೋಡಿದಳು. "ಗೊತ್ತಿಲ್ಲ ಕಂದಾ" ಎಂದಳು. ಅವಳು ಹಾಗೆ ಹೇಳಿದ್ದು ಅದೇ ಮೊದಲು.

ಕಿರಿಮರಿಯನ್ನು ಆ ಕಲ್ಲಿನ ಕೆಳಗೇ ಮಲಗಿಸಿ, ಹಿರಿಮರಿಯನ್ನು ಕರೆದುಕೊಂಡು ಹೊರಟಳು. ಕಂಡ ಕಲ್ಲನ್ನೆಲ್ಲ ಎತ್ತಿದಳು, ಕಂಡ ಬಿಲಕ್ಕೆಲ್ಲ ಮೂತಿ ಹಾಕಿದಳು. ಇಲ್ಲಿ ಇಲ್ಲ, ಮುಂದೆ ನಡೆ. ಇಲ್ಲೂ ಇಲ್ಲ, ಮುಂದೆ ನಡೆ. ಮರಿಯ ಕಾಲು ಸೋತು ಬರುವಾಗ ಕಳ್ಳಿಯ ಬುಡದಲ್ಲಿ ಒಂದು ಇಲಿ ಸಿಕ್ಕಿತು. ಮರಿ ಗಬಗಬ ತಿಂದು, ಕಣ್ಣು ಬಿಟ್ಟಿತು.

"ಇನ್ನು ಇಲ್ಲೇ ಇರೋಣ್ವಾ ಅವ್ವಾ?"

"ಬೇಡ ಕಂದಾ. ಒಮ್ಮೆ ಕೊಟ್ಟ ಜಾಗ ಅಂತ ಕಾಯ್ತಾ ಕೂರಬಾರದು. ನಡಿ."

ಹಾಗೆಂದವಳು, ಹೊರಡುವ ಮುನ್ನ ಹಿಂಗಾಲ ಮೇಲೆ ಎದ್ದು ನಿಂತು ಹಳ್ಳದ ದಂಡೆಯ ಕಡೆ ನೋಡಿದಳು.

ಅದಕ್ಕೇ ಮಗೂ, ಇವತ್ತಿಗೂ ಮುಂಗುಸಿ ಹೊಟ್ಟೆ ತುಂಬಿದ್ದರೂ ಒಂದು ಕಲ್ಲನ್ನೂ ಬಿಡದೆ ಮೂಸುತ್ತಾ ಹೋಗುತ್ತದೆ. ಬೇಲಿಯೊಳಗೆ ನುಗ್ಗುವ ಮೊದಲು ಮಾತ್ರ ಎದ್ದು ನಿಂತು, ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡುತ್ತದೆ.